ಹೊಳೆದಂಡೆಯ ಕರಿ ನೊಣ

ನೊಣದಲ್ಲಿ ಎರಡು ಜಾತಿ ಅಂತ ಇಟ್ಟುಕೊಂಡಿದ್ವಿ. ಎರಡಿರಲಿಲ್ಲ, ಒಂದೇ ಇತ್ತು. ಸಾಯ್ತಿದ್ದ ಒಬ್ಬರ ಮಂಚದ ಪಕ್ಕ ಕೂತು ಆ ಮಾತು ಹೇಳಿದವಳು ನಾನು. ನಡೆದದ್ದು ಇಷ್ಟೇ.

ಪಿಎಚ್‌ಡಿ ಮಾಡೋ ಹುಡುಗಿ ಈ ನೊಣದ ಮೇಲೆ ಬರೆದ ಪೇಪರಿನಲ್ಲಿ ಇದೆಲ್ಲ ಕೆಲವೇ ಸಾಲಿನಲ್ಲಿ ಮುಗಿದೈತೆ. ಮಂಚದ ಸುದ್ದಿ ಇಲ್ಲ. ಅಲ್ಲಿ ಅಂಥಾದ್ದು ಬರೆಯಂಗಿಲ್ಲಂತೆ. ಹಂಗಾದ್ರೆ ನಾನು ಬರೀತೀನಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅಕ್ಷರ ತಪ್ಪಿದ್ರೆ ಹುಡುಗಿ ತಿದ್ತಾಳೆ. ಮಾತು ತಿದ್ದಬ್ಯಾಡ ಅಂತ ಹೇಳೀನಿ.

ವಿನೋಬನಗರದ ನಮ್ಮ ಮನೆ ಬಾಗಿಲಲ್ಲಿ ಕೂತು ರವಿಕೆಗೆ ಹುಕ್ಕು ಹಾಕೋದು ನನ್ನ ಕೆಲಸವಾಗಿತ್ತು. ಟೈಲರ್‌ಗಳು ಗಂಟು ಕಟ್ಟಿ ಕಳಿಸೋರು. ಮೇಷ್ಟ್ರ ಹೆಂಡ್ರು ಮಾತ್ರ ತಾವೇ ತಂದು ಕೊಡೋರು. ಮೇಷ್ಟ್ರು ಅಂದ್ರೆ ಕಾಲೇಜಿನಲ್ಲಿ ಹುಳಹುಪ್ಪಟೆ ಪಾಠ ಮಾಡಿ ರಿಟೈರ್ ಆದವರು. ಅವರಿಗೆ ಕೈ ನಡುಗೋ ರೋಗ ಹತ್ತಿತು. ಟೀ ಬೇಕಾದ್ರೆ ಬಸಿಗೆ ಹಾಕಿ ಕುಡೀಬಹುದು, ಆದ್ರೆ ನಡುಗೋ ಕೈಯಲ್ಲಿ ನೊಣಕ್ಕೆ ಸೂಜಿ ಚುಚ್ಚಿದ್ರೆ ನೊಣದ ತಲೆ ಉದುರುತ್ತೆ. ಹೆಂಡ್ರು ಒಂದಿನ ನನ್ನ ಹುಕ್ಕಿನ ಕೆಲಸ ನೋಡ್ತಾ ನಿಂತವರು, ನಮ್ಮನೆಯವರದೂ ಒಂಚೂರು ಕೆಲಸ ಐತೆ, ಮಾಡಿಕೊಡ್ತೀರೇನ್ರಿ ಅಂದ್ರು. ಏನು ಅಂದೆ. ನೊಣ ಚುಚ್ಚೋದು ಅಂದ್ರು. ಚೇಷ್ಟೆ ಮಾಡ್ತಿದ್ದಾರೆ ಅಂದುಕೊಂಡೆ.

ಚೇಷ್ಟೆ ಆಗಿರಲಿಲ್ಲ. ಮೇಷ್ಟ್ರ ಮನೆ ಮುಂಗೋಣೆ ತುಂಬ ಮುಚ್ಚಳದ ಪೆಟ್ಟಿಗೆ, ಒಳಗೆ ಸಾಲುಸಾಲು ನೊಣ. ತಿಪ್ಪೆ ನೊಣ ಅಲ್ಲ. ಇವು ಹೂವಿನ ಮೇಲೆ ಕೂರೋವು, ಮೇಷ್ಟ್ರು ಹೂನೊಣ ಅನ್ನೋರು. ನೋಡೋಕೆ ಜೇನಿನಂಗೆ, ಹೊಟ್ಟೆ ಮೇಲೆ ಹಳದಿ ಪಟ್ಟೆ, ಕರಿ ಪಟ್ಟೆ. ಆದ್ರೆ ಕಚ್ಚಲ್ಲ. ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತೆ, ಯಾರೋ ದಾರ ಕಟ್ಟಿ ಮೇಲಿಂದ ಇಳಿಬಿಟ್ಟಂಗೆ.

ಕೆಲಸ ಹಿಡೀತು ನನ್ನ ಕೈಗೆ. ಬಲೆಯಲ್ಲಿ ಸಿಕ್ಕ ನೊಣವನ್ನ ಔಷಧಿ ಬಾಟ್ಲಿಗೆ ಹಾಕಬೇಕು, ಉಗುರುಬಣ್ಣದ ವಾಸನೆ ಅದು. ಸತ್ತ ಮೇಲೆ ಒಣಗೋ ಮುಂಚೆ ಸೂಜಿ ಚುಚ್ಚಬೇಕು. ಎದೆಯ ನಟ್ಟನಡುವೆ ಚುಚ್ಚಂಗಿಲ್ಲ, ಒಂಚೂರು ಬಲಕ್ಕೆ. ಬಲಗಡೆ ಕೂದಲು ಹೋದ್ರೂ ಎಡಗಡೆದು ಉಳೀತದೆ, ಅದನ್ನ ನೋಡಿ ಗುರುತು ಹಿಡೀತಾರೆ. ಆಮೇಲೆ ರೆಕ್ಕೆ ಬಿಡಿಸೋದು, ಕೆಳಗೆ ಊರು, ತಾರೀಕಿನ ಚೀಟಿ ಚುಚ್ಚೋದು, ಪೆಟ್ಟಿಗೆ ಮೂಲೆಗೆ ನುಸಿಗುಳಿಗೆ ಇಡೋದು. ಕೊನೆಗೆ ಗಂಡು ನೊಣದ ಬಾಲದ ತುದಿ. ಅದನ್ನ ಕಾಸ್ಟಿಕ್ ನೀರಲ್ಲಿ ಮೆತ್ತಗೆ ಮಾಡಿ, ಕೊಕ್ಕೆ ಸೂಜಿಯಲ್ಲಿ ಹೊರಗೆ ಎಳೆದು, ಮೈಕ್ರೋಸ್ಕೋಪಿನ ಕೆಳಗೆ ಇಡಬೇಕು. ಹೊರಗೆ ಒಂದೇ ಥರ ಕಾಣೋ ಹುಳಗಳ ಜಾತಿ ಅಲ್ಲಿ ಬೇರೆ ಆಗುತ್ತಂತೆ. ಇದನ್ನ ನನಗೆ ಹೇಳೋಕೆ ಮೇಷ್ಟ್ರು ಬಹಳ ಒದ್ದಾಡಿದ್ರು, ಕೆಮ್ಮಿದ್ರು, ಕನ್ನಡಕ ಒರೆಸಿಕೊಂಡ್ರು. ನಾನೇ, “ನಾಲ್ಕು ಹೆತ್ತೋಳು ನಾನು, ಏನು ಅಂತ ಹೇಳ್ರಿ ಸುಮ್ನೆ” ಅಂದೆ. ಅವತ್ತಿನಿಂದ ಕೆಲಸ ಸಲೀಸಾತು.

ಮೇಷ್ಟ್ರು ನನ್ನನ್ನ ಅಜ್ಜಿ ಅಂತಿದ್ರು. ನನಗಿಂತ ವಯಸ್ಸಿನಲ್ಲಿ ದೊಡ್ಡವರು. ನೀವೇನು ತೊಟ್ಟಿಲಾಗೆ ಅದೀರೇನ್ರಿ ಅಂತಿದ್ದೆ ನಾನು. ಇಬ್ಬರ ನಡುವೆ ಇದ್ದ ನಗೆ ಅಂದ್ರೆ ಅದು.

ಎರಡು ಪೆಟ್ಟಿಗೆಯನ್ನ ಅವರು ಬೇರೆ ಇಟ್ಟಿದ್ರು. ಒಂದು ಆವರಗೆರೆಯ ಹೂವಿನ ತೋಟದ್ದು, ಅದರ ತುಂಬ ಹಳದಿ ನೊಣ, ಕರಿ ಪಟ್ಟೆ ದಾರದಷ್ಟು ಸಣ್ಣ. ಇನ್ನೊಂದು ಹರಿಹರದ ಹೊಳೆದಂಡೆದು, ಕರಿ ನೊಣ, ಪಟ್ಟೆ ಅಗಲ, ಮೈ ಒಂಚೂರು ದೊಡ್ಡದು. ಪುಸ್ತಕದಲ್ಲಿರೋದು ಹಳದಿ ಒಂದೇ. ಹರಿಹರದ ಕರಿ ನೊಣ ಬೇರೆ ಜಾತಿ, ಇನ್ನೂ ಯಾರೂ ಹೆಸರಿಟ್ಟಿಲ್ಲ, ನಾನು ಇಡಬೇಕು ಅಂತ ಮೇಷ್ಟ್ರು. ಹೆಸರನ್ನೂ ಹುಡುಕಿದ್ರು, ಹೊಳೆಯ ಹೆಸರು ಬರೋ ಹಂಗೆ. ಬಾಲದ ತುದಿಯ ಕೊಂಡಿ ಕರಿ ನೊಣದಲ್ಲಿ ಉದ್ದ ಐತೆ ಅಂತ ಮತ್ತೆ ಮತ್ತೆ ತೋರಿಸೋರು. ನನಗೂ ಉದ್ದ ಕಾಣ್ತಿತ್ತು. ಅವರು ಎರಡು ಅಂದ್ರು, ನನಗೂ ಎರಡು.

ಆಗ ಬಂದಳು ಈ ಹುಡುಗಿ. ಮೇಷ್ಟ್ರ ಶಿಷ್ಯರ ಶಿಷ್ಯೆ, ಪಿಎಚ್‌ಡಿ ಮಾಡೋಳು. ಅಳತೆ ಹಿಡಿದು ತಿಂಗಳುಗಟ್ಟಲೆ ಕೂತಳು. ಕೊಂಡಿ ಉದ್ದ ಹೌದು, ಆದ್ರೆ ನೊಣಾನೇ ದೊಡ್ಡದೈತಲ್ಲ, ದೊಡ್ಡ ನೊಣಕ್ಕೆ ಎಲ್ಲಾನೂ ದೊಡ್ಡದಿರುತ್ತೆ ಅಂದಳು. ಮೇಷ್ಟ್ರು ಮುಖ ಗಂಟು ಹಾಕಿದ್ರು. ಬೈಲಿಲ್ಲ. ಹಂಗಾದ್ರೆ ವಂಶವಾಹಿ ನೋಡಿಸು ಅಂದ್ರು. ಅಂದ್ರೆ ನೊಣದ ಒಂದು ಕಾಲು ಕಿತ್ತು ಬೆಂಗಳೂರಿಗೆ ಕಳಿಸೋದು. ಆ ಕಾಲಿನೊಳಗೆ ಅದರ ಹುಟ್ಟು ಬರೆದಿರುತ್ತಂತೆ, ಅದನ್ನ ಮಶೀನು ಓದುತ್ತಂತೆ.

ಮೊದಲ ಸಲ ಹಳೇ ಪೆಟ್ಟಿಗೆಯ ನೊಣಗಳ ಕಾಲು ಕಿತ್ತಿದ್ದು ನಾನೇ, ಚಿಮಟದಲ್ಲಿ ಹಿಡಿದು ಸಣ್ಣ ನಳಿಗೆಗೆ ಹಾಕಿ ಕೊಟ್ಟೆ. ಎಲ್ಲ ಹಾಳಾತು. ಒಣಗಿ ವರ್ಷಾನುಗಟ್ಟಲೆ ಆಗಿತ್ತಲ್ಲ, ಒಳಗಿಂದು ಚೂರುಚೂರಾಗಿ ಓದೋಕೆ ಬರಲಿಲ್ಲಂತೆ. ಒಂದರಲ್ಲಿ ಮಾತ್ರ ಚೆನ್ನಾಗಿ ಬಂತು. ಅದು ಮನುಷ್ಯರದು.

“ಇದು ನಿಮ್ಮದೇ ಇರಬೇಕಜ್ಜಿ, ಕೈ ತಾಕೈತೆ” ಅಂದಳು ಹುಡುಗಿ.

“ಬರ್ಕೋ. ಮೂರನೇ ಜಾತಿ, ವಿನೋಬನಗರದ್ದು” ಅಂದೆ. ಮೇಷ್ಟ್ರು ಕಣ್ಣಲ್ಲಿ ನೀರು ಬರೋ ಹಂಗೆ ನಕ್ಕಿದ್ದು ಅವತ್ತೇ ಕೊನೆ. ಅವತ್ತಿಂದ ನನ್ನ ಕೈಗೆ ಗ್ಲೌಸು ಬಂತು.

ಹೊಸ ನೊಣ ಬೇಕಾತು. ಆವರಗೆರೆದನ್ನ ಹುಡುಗಿ ಬೇಸಗೆಯಲ್ಲೇ ಹಿಡಿದು ಅಪ್ಪಟ ಸ್ಪಿರಿಟ್ಟಿನಲ್ಲಿ ಹಾಕಿಟ್ಟಿದ್ದಳು. ಹರಿಹರದ್ದಕ್ಕೆ ನಾವೆಲ್ಲ ಸಂಕ್ರಾಂತಿಗೆ ಹೋದ್ವಿ. ಮೇಷ್ಟ್ರ ಮನೆಯಲ್ಲಿ ಅದು ಮೊದಲಿಂದ ಬಂದ ಪದ್ಧತಿ. ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮೀಯೋದು, ದಂಡೆ ಮೇಲೆ ಸಜ್ಜೆ ರೊಟ್ಟಿ, ಎಣಗಾಯಿ, ಮೊಸರನ್ನದ ಬುತ್ತಿ ಬಿಚ್ಚೋದು. ಮನೆಯವರು ಮೀಯೋವಾಗ ಮೇಷ್ಟ್ರು ಬಲೆ ಹಿಡಿದು ದಂಡೆ ಹೂವಿನ ಮೇಲೆ ತಿರುಗೋರಂತೆ, ಮದುವೆಯಾದ ಹೊಸತರಿಂದ. ಈ ಸಲ ಅವರು ಕುರ್ಚಿಯಲ್ಲಿ ಕೂತ್ರು, ಕಿಡ್ನಿ ಆಗಲೇ ಕೈಕೊಟ್ಟಿತ್ತು, ಕಾಲು ಬಾತಿತ್ತು. ಬಲೆ ನಾನು ಹಿಡಿದೆ. ಅಗೋ ಅಲ್ಲಿ, ಎಡಕ್ಕೆ, ತಡೀರಿ ಅಜ್ಜಿ, ಈಗ, ಅಂತ ಕೂತಲ್ಲಿಂದಲೇ ಹೇಳಿದ್ರು. ಸಿಕ್ಕಿದ್ದೆಲ್ಲ ಕರಿ. ಅವರ ಮುಖ ನೋಡಬೇಕಿತ್ತು.

ಬೆಂಗಳೂರಿನಿಂದ ಉತ್ತರ ಬಂತು. ಹಳದಿದೂ ಕರಿದೂ ಅಕ್ಷರಕ್ಕೆ ಅಕ್ಷರ ಒಂದೇ.

ಹುಡುಗಿ ಅದನ್ನ ಮೇಷ್ಟ್ರಿಗೆ ಮೆಲ್ಲಗೆ ಹೇಳಿದಳು. ಮೇಷ್ಟ್ರು ಒಪ್ಪಲಿಲ್ಲ. ಅವರು ಹಟಕ್ಕೆ ಒಪ್ಪಲಿಲ್ಲ ಅಂತ ಯಾರೂ ಅನ್ನಬ್ಯಾಡ್ರಿ. ಓದಿರೋದು ಒಂದು ತುಣುಕು, ಈಚೆಗೆ ಬೇರೆಯಾದ ಜಾತಿಗಳಲ್ಲಿ ಆ ತುಣುಕು ಒಂದೇ ಇರಬಹುದು ಅಂದ್ರು. ಹುಡುಗಿನೂ ಹೌದು ಸರ್ ಅಂದಳು. ಅದು ಶಾಸ್ತ್ರದ ಮಾತೇ.

ಆಮೇಲೆ ಮುಂಗೋಣೆಯಲ್ಲಿ ನಾನು ರೆಕ್ಕೆ ಬಿಡಿಸ್ತಾ ಕೂತಾಗ ಹುಡುಗಿ ಚೀಟಿಗಳನ್ನ ನೋಡ್ತಾ, ಹರಿಹರಕ್ಕೆ ನೀವು ಯಾವಾಗ್ಯಾವಾಗ ಹೋಗಿದ್ರಿ ಅಜ್ಜಿ ಅಂತ ಕೇಳಿದಳು.

“ಸಂಕ್ರಾಂತಿಗೆ.”

“ಮತ್ತೆ?”

“ಮತ್ತೆ ಯಾವಾಗ ಹೋಗ್ತಾರೆ? ಹೊಳಿಗೆ ಹೋಗೋದೇ ಸಂಕ್ರಾಂತಿಗೆ.”

ಆವರಗೆರೆಗೆ ಯಾವಾಗ ಅಂದಳು. ಅಲ್ಲಿಗೆ ಮೇಷ್ಟ್ರು ಹೋಗ್ತಿದ್ದದ್ದು ಬೇಸಗೆ ರಜೆಯಲ್ಲಿ, ಕಾಲೇಜು ಬಿಡುವಿದ್ದದ್ದೇ ಆಗ. ಹುಡುಗಿ ಎರಡೂ ಪೆಟ್ಟಿಗೆಯ ಚೀಟಿಗಳ ತಾರೀಕು ಮತ್ತೊಮ್ಮೆ ಓದಿದಳು. ನನಗೆ ಏನೂ ಹೊಳೀಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಹುಳ ಗೂಡಿನೊಳಗಿದ್ದಾಗ ಚಳಿ ಬಿದ್ರೆ ನೊಣ ಕಪ್ಪಗೆ, ದೊಡ್ಡದಾಗಿ ಬರಬಹುದು. ಬಿಸಿ ಬಿದ್ರೆ ಹಳದಿಯಾಗಿ ಬರಬಹುದು. ಎರಡು ಊರು ಅಂತ ನಾವು ಅಂದುಕೊಂಡಿದ್ದು ಎರಡು ಕಾಲ ಆಗಿರಬಹುದು. ಹರಿಹರಕ್ಕೆ ಬಿಸಿಲಲ್ಲಿ ಯಾರೂ ಹೋಗಿಲ್ಲ, ಆವರಗೆರೆಗೆ ಚಳಿಯಲ್ಲಿ ಯಾರೂ ಹೋಗಿಲ್ಲ.

ಇದನ್ನೂ ಅವಳು ಮೇಷ್ಟ್ರ ಮುಂದೆ ಇಟ್ಟಳು. ಅವರು ಕಣ್ಣು ಮುಚ್ಚಿ ಕೇಳಿದ್ರು. ಹಂಗಾದ್ರೆ ಮಾತು ಬ್ಯಾಡ, ಮಾಡಿ ನೋಡ್ರಿ ಅಂದ್ರು. ಹೆಂಗೆ ಮಾಡಬೇಕು ಅನ್ನೋದನ್ನೂ ಅವರೇ ಹೇಳಿದ್ರು. ಒಂದೇ ಹಳದಿ ತಾಯಿಯ ಮೊಟ್ಟೆ ತಗೊಂಡು ಎರಡು ಪಾಲು ಮಾಡೋದು. ಅರ್ಧ ತಂಪಿನಲ್ಲಿ, ಅರ್ಧ ಸೆಕೆಯಲ್ಲಿ ಸಾಕೋದು. ತಂಪಿನವೂ ಹಳದಿಯಾಗಿ ಬಂದ್ರೆ ಹರಿಹರದ ಕರಿ ನೊಣ ಬೇರೆ ಜಾತಿ ಅನ್ನೋ ಅವರ ಮಾತು ನಿಲ್ಲುತ್ತೆ. ಕರಿಯಾಗಿ ಬಂದ್ರೆ ಮುಗೀತು. ತಮ್ಮ ಮಾತು ನಿಲ್ಲುತ್ತೆ ಅಂತಲೇ ಅವರು ಹಿಂಗೆ ಹೇಳಿದ್ದು. ಆದ್ರೆ ಹೇಳಿದ್ದು ಅವರೇ, ಅದನ್ನ ಮರೀಬಾರದು.

ತಂಪಿಗೆ ಕಾಲೇಜಿನ ತಣ್ಣನೆ ಕಪಾಟು. ಸೆಕೆಗೆ ನಮ್ಮನೆ. ತಗಡಿನ ಚಾವಣಿ, ಶಿವರಾತ್ರಿ ಕಳೀತು ಅಂದ್ರೆ ಒಳಗೆ ಹೆಂಚಿನ ಮೇಲೆ ಕೂತಂಗೆ. ಹೋಗಿ ಹೋಗಿ ನಮ್ಮನೆ ಸೆಕೆಗೂ ಒಂದು ಬೆಲೆ ಬಂತಲ್ಲತ್ತಿ ಅಂದಳು ಸೊಸೆ. ಅವಳ ಬಾಯಿ ಹಂಗೇ.

ತಾಯಿ ನೊಣ ಹಿಡಿದು, ಹೇನು ಹತ್ತಿದ ಅವರೆ ಕುಡಿ ಜೊತೆ ಸೊಳ್ಳೆಪರದೆ ಬಟ್ಟೆ ಕಟ್ಟಿದ ಡಬ್ಬಿಯಲ್ಲಿ ಬಿಟ್ವಿ. ಮೊಟ್ಟೆ ಇಡ್ತು, ಬಿಳಿ ರವೆ ಕಾಳಿನಂಗೆ. ಹೂನೊಣದ ಮರಿಗೆ ಗಿಡದ ಹೇನೇ ಊಟ. ಕಾಲಿಲ್ಲದ ಹಸಿರು ಹುಳ, ತಲೆ ಎತ್ತಿ ಹೇನನ್ನ ಹಿಡಿದು ಹೀರಿ ಸಿಪ್ಪೆ ಬಿಸಾಕುತ್ತೆ. ದಿನಾ ಹೊಸ ಹೇನು ಬೇಕು. ಕುಕ್ಕುವಾಡದಿಂದ ಪರಿಚಯದ ರೈತರೊಬ್ಬರು ಕುಡಿ ಕಳಿಸೋರು. ಒಂದು ಸಲ ಅವರ ಪಕ್ಕದ ಹೊಲದಲ್ಲಿ ಔಷಧಿ ಹೊಡೆದಿದ್ರು, ಗಾಳಿಗೆ ಇತ್ತ ಬಿದ್ದಿತ್ತು. ಯಾರಿಗೂ ಗೊತ್ತಿಲ್ಲ. ಆ ಹೇನು ತಿಂದ ಮರಿ ಎಲ್ಲ ಸಂಜೆಯೊಳಗೆ ಕರ್ರಗಾಗಿ ಡಬ್ಬಿ ತಳಕ್ಕೆ ಬಿದ್ದವು, ಕಾಲೇಜಿನವೂ, ನಮ್ಮನೆಯವೂ. ತಾಯಿ ಮೊದಲೇ ಸತ್ತಿತ್ತು.

ಮೇಷ್ಟ್ರು ಆಗ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಿ ಬರ್ತಿದ್ರು. ಮರಿ ಸತ್ವು ಅಂತ ಹೇಳಿದೆ. ಇನ್ನೊಂದು ತಾಯಿ ಹಿಡೀರಿ ಅಂದ್ರು, ಜಲ್ದಿ ಹಿಡೀರಿ ಅಂದ್ರು. ಅವರು ಜಲ್ದಿ ಅಂದದ್ದು ನಾನು ಅಲ್ಲೀತನ ಕೇಳಿರಲಿಲ್ಲ.

ಯುಗಾದಿ ಹಿಂದೆಮುಂದೆ ಆವರಗೆರೆಯಲ್ಲಿ ಇನ್ನೊಂದು ಸಿಕ್ತು. ಮೊದಲಿನ ತೋಟದಲ್ಲಿ ಸೈಟು ಮಾಡಿ ಕಲ್ಲು ನೆಟ್ಟಿದ್ರು, ಅದರಾಚೆ ಉಳಿದಿದ್ದ ಕೊತ್ತಂಬರಿ ಮಡಿಯ ಹೂವಿನ ಮೇಲೆ ಹಿಡಿದೆ. ಹಳದಿ ತಾಯಿ. ಈ ಸಲ ಹೇನನ್ನ ನಾನೇ ಮನೆ ಮುಂದೆ ಬಕೀಟಿನಲ್ಲಿ ಅವರೆ ಹಾಕಿ ಬೆಳೆಸಿದೆ. ಕುಂಚದಲ್ಲಿ ಒಂದೊಂದೇ ಹೇನು ಉದುರಿಸಿ ಎರಡು ಪಾಲಿಗೂ ಹಾಕಿದ್ವಿ. ಮರಿ ದಪ್ಪಗಾದ್ವು, ನೀರ ಹನಿ ಆಕಾರದ ಗೂಡಾದ್ವು.

ನಮ್ಮನೆಯವು ಮೊದಲು ಬಂದ್ವು. ಹಳದಿ. ತಾಯಿನೂ ಹಳದಿ, ಅದರಲ್ಲಿ ಹೇಳೋಕೆ ಏನಿಲ್ಲ. ಮೇಷ್ಟ್ರಿಗೆ ಹೇಳಿದೆ. ಕಪಾಟಿನವು ಏನಾದ್ವು, ಅಂದ್ರು. ತಂಪಿನಲ್ಲಿ ನಿಧಾನ, ಇನ್ನೂ ಇಲ್ಲ ಅಂದೆ. ಕಾಯ್ತೀನಿ ಅಂದ್ರು. ಕಾಯ್ತೀನಿ ಅನ್ನೋದನ್ನ ಅವರು ನನಗೆ ಹೇಳಿದ್ದಲ್ಲ, ತಮ್ಮ ಉಸಿರಿಗೆ ಹೇಳಿಕೊಂಡದ್ದು.

ಕಪಾಟಿನವು ಒಂದು ಬೆಳಿಗ್ಗೆ ಗೂಡು ಒಡೆದ್ವು. ಹುಡುಗಿ ಫೋನ್ ಮಾಡಿದಳು, ಆಟೋ ಹಿಡಿದು ಹೋದೆ. ಈಗಷ್ಟೇ ಬಂದ ನೊಣ ಯಾವುದಕ್ಕೂ ಬಣ್ಣ ಇರಲ್ಲ, ಎಲ್ಲ ಹಾಲು ಬೆರೆಸಿದಂಗೆ ಬೆಳ್ಳಗೆ, ರೆಕ್ಕೆ ಮುದುರಿಕೊಂಡು. ಬಣ್ಣ ಕೂರೋಕೆ ಹೊತ್ತು ಹಿಡೀತದೆ. ಇಬ್ಬರೂ ಬೆಂಚಿನ ಎರಡು ಕಡೆ ಕೂತ್ವಿ. ಹಳದಿ ಆಗ್ಲಿ ಅಂತ ನನ್ನ ಮನಸ್ಸಿನಲ್ಲಿ ಇತ್ತು, ಯಾಕ ಸುಳ್ಳು ಹೇಳಲಿ. ಹುಡುಗಿಗೂ ಇತ್ತು. ಅವಳ ಲೆಕ್ಕ ತಪ್ಪಾದ್ರೂ ಪರವಾಗಿಲ್ಲ ಅನ್ನೋ ಹಂಗೆ ಕೂತಿದ್ದಳು. ಪಟ್ಟೆ ಮೆಲ್ಲಗೆ ಮೂಡಿತು, ಅಗಲ ಆತು, ಇನ್ನೂ ಅಗಲ ಆತು. ಮಧ್ಯಾಹ್ನದ ಊಟದ ಗಂಟೆ ಹೊಡೆಯೋ ಹೊತ್ತಿಗೆ ಎಲ್ಲಾವೂ ಹರಿಹರದ ನೊಣ ಆಗಿದ್ವು. ಹೊಳೆ ನೋಡಿರಲಿಲ್ಲ ಅವು. ಹಳದಿ ತಾಯಿಯ ಹೊಟ್ಟೆಯವು.

ಹುಡುಗಿ ಅತ್ತಳು. ನಾನು ಕರಿ ನೊಣದ ಡಬ್ಬಿಯನ್ನ ಚೀಲದಲ್ಲಿ ಇಟ್ಟುಕೊಂಡೆ.

ಮೇಷ್ಟ್ರ ಮನೆಗೆ ಹೋದ್ರೆ ಹೆಂಡ್ರು ಅಡಿಗೆಮನೆಗೆ ಕರೆದ್ರು. ಹುಡುಗಿಯ ಮುಖ ನೋಡಿದ್ರೆ ಗೊತ್ತಾಗ್ತಿತ್ತು ಅವರಿಗೆ. ಡಾಕ್ಟರು ಇನ್ನು ಆಸ್ಪತ್ರೆಗೆ ಕರಕೊಂಡು ಬರಬ್ಯಾಡ್ರಿ ಅಂದಿದ್ರು.

“ಎರಡು ಅಂತ ಹೇಳಿಬಿಡ್ರಿ. ಆ ಒಂದು ಹೆಸರಿಗೆ ಅಂತ ಉಸಿರು ಹಿಡಕೊಂಡಾರೆ. ನೆಮ್ಮದಿಯಾಗಿ ಹೋಗ್ಲಿ. ನಿಮ್ಮ ಗಂಟೇನು ಹೋಗುತ್ತೆ?” ಅಂದ್ರು ಹೆಂಡ್ರು.

ಹುಡುಗಿ ತಲೆ ಆಡಿಸಿದಳು, ಹಂಗೇ ಮಾಡೋಣ ಅಜ್ಜಿ ಅಂದಳು. ನನ್ನ ಲೆಕ್ಕ ಬೇರೆ ಇತ್ತು. ಕೇಳಿದ್ರೆ ಸುಳ್ಳು ಹೇಳೋಕೆ ಬರಲ್ಲ, ಕೇಳದಿದ್ರೆ ನಾನಾಗಿ ಹೇಳಲ್ಲ ಅಂತ ಇದ್ದೆ. ಮೇಷ್ಟ್ರು ಹುಡುಗಿಯನ್ನ ಕೇಳ್ತಾರೆ ಅಂತಲೂ ಇದ್ದೆ.

ಮಂಚದ ಪಕ್ಕ ಹೋಗಿ ಕೂತ್ವಿ. ಮೇಷ್ಟ್ರು ಹುಡುಗಿ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿದ್ರು. ದನಿ ಬಹಳ ಸಣ್ಣಗಾಗಿತ್ತು.

“ಕಪಾಟಿನವು ಬಂದ್ವಾ ಅಜ್ಜಿ?”

“ಬಂದ್ವು.”

“ಬಣ್ಣ?”

ಹೆಂಡ್ರು ನನ್ನ ಸೆರಗು ಹಿಡಿದಿದ್ರು, ಹಿಂದಿನಿಂದ. ಆ ಮನೆಯಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಅವರ ಕೈ ಮಾಡಬೇಕಾದ್ದನ್ನ ನನ್ನ ಕೈ ಮಾಡ್ತಿತ್ತು. ತಮ್ಮ ಕೈಯನ್ನೇ ಕೇಳಿದಂಗೆ ಕೇಳಿದ್ರು.

“ಕರಿ” ಅಂದೆ.

“ಎಲ್ಲಾವೂ?”

“ಎಲ್ಲಾವೂ. ತಾಯಿ ಹಳದಿ, ನಾನೇ ಹಿಡಿದಿದ್ದು.”

ಡಬ್ಬಿ ಕೊಡಿ ಅನ್ನೋ ಹಂಗೆ ಕೈ ಚಾಚಿದ್ರು. ಕೊಟ್ಟೆ. ನಡುಗೋ ಕೈಯಲ್ಲಿ ಡಬ್ಬಿಯೊಳಗೆ ನೊಣ ಎಲ್ಲ ಎದ್ದು ಹಾರಾಡಿದ್ವು. ಬೆಳಕಿಗೆ ಹಿಡಿದು ನೋಡಿದ್ರು, ತಪ್ಪಿದ್ರೆ ಈಗಲೂ ಹಿಡೀತೀನಿ ಅನ್ನೋ ಹಂಗೆ ನೋಡಿದ್ರು. ಆಮೇಲೆ ಡಬ್ಬಿ ಎದೆ ಮೇಲೆ ಇಟ್ಟುಕೊಂಡ್ರು.

“ಚಳಿನೂ ಬಿಸಿಲೂ ಬೇರೆ ಮಾಡ್ತಾ ಕೂತಿದ್ದೆ ನಾನು, ಇಷ್ಟು ವರ್ಷ.” ಡಬ್ಬಿ ಸವರ್ತಾ, “ಒಂದು ಸಲ ಬ್ಯಾಸಗ್ಯಾಗೆ ಹೊಳಿಗೆ ಹೋಗಬೇಕಿತ್ತು” ಅಂದ್ರು. ಗೋಡೆ ಕಡೆ ಹೊರಳಿದ್ರು.

ಅದಾದ ಮೇಲೆ ಅವರು ನನ್ನ ಜೊತೆ ಮಾತಾಡಲಿಲ್ಲ. ಸಿಟ್ಟಿಗೋ, ಶಕ್ತಿ ಇಲ್ಲದೆಯೋ, ನನಗೆ ಗೊತ್ತಿಲ್ಲ. ಗೊತ್ತೈತೆ ಅಂತ ಬರೆದ್ರೆ ಸುಳ್ಳಾಗುತ್ತೆ. ಹೋದಾಗೆಲ್ಲ ಗೋಡೆ ಕಡೆ ಮುಖ ಇರೋದು. ಹೆಂಡ್ರು ಬಾಗಿಲು ತೆಗೆಯೋರು, ಕೂಡ್ರಿ ಅನ್ನೋರಲ್ಲ. ನಾನು ಮುಂಗೋಣೆಯಲ್ಲಿ ನುಸಿಗುಳಿಗೆ ಬದಲಿಸಿ ವಾಪಸ್ ಬರ್ತಿದ್ದೆ. ಸುಳ್ಳು ಹೇಳಬಹುದಿತ್ತಾ ಅಂತ ಹುಡುಗಿ ಆಮೇಲೆ ಕೇಳಿದಳು. ಹೇಳಬಹುದಿತ್ತು, ನಾಲಿಗೆ ಇತ್ತಲ್ಲ. ಆದ್ರೆ ಹಂಗೆ ಹೇಳಿದ್ರೆ ಅವರು ಹೇಳಿಕೊಟ್ಟ ಕೆಲಸಕ್ಕೆ ಏನು ಅರ್ಥ ಉಳೀತಿತ್ತು ಅಂತ ನನಗೆ ತಿಳೀಲಿಲ್ಲ. ಈಗಲೂ ತಿಳಿದಿಲ್ಲ. ಅವರ ಹೆಂಡ್ರಿಗೆ ನನ್ನ ಮೇಲಿರೋ ಸಿಟ್ಟು ಸರಿಯಾಗೇ ಐತೆ.

ಒಂದು ವಾರ ತುಂಬಲಿಲ್ಲ, ಹೋದ್ರು. ಸಂಜೆಯೊಳಗೆ ಮಣ್ಣು ಮಾಡಿದ್ರು. ಹೆಂಗಸರ ಹಿಂದೆ ನಿಂತು ನಾನೂ ಒಂದು ಹಿಡಿ ಹಾಕಿ ಬಂದೆ. ಯಾರೂ ನೊಣದ ಮಾತು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೆ. ಬಲೆ, ಔಷಧಿ ಬಾಟ್ಲಿ ಚೀಲದಲ್ಲಿ ಇಟ್ಟುಕೊಂಡು ಹರಿಹರದ ಬಸ್ಸು ಹತ್ತಿದೆ. ಯಾವ ಹಬ್ಬ ಐತಿ ಅಂತ ಹೊಳಿಗೆ ಹೊಂಟ್ರತ್ತಿ, ಅಂದಳು ಸೊಸೆ. ಯಾವುದೂ ಇಲ್ಲ ಅಂದೆ.

ಹೊಳೆ ಬತ್ತಿ ನಡುವೆ ಮರಳು, ಬಂಡೆ ಕಾಣ್ತಿತ್ತು. ಸಂಕ್ರಾಂತಿಗೆ ನಾವು ಬುತ್ತಿ ಬಿಚ್ಚೋ ಜಾಗದಲ್ಲಿ ಒಂದು ಹುಳ ಇಲ್ಲ, ಹೂವೂ ಇಲ್ಲ. ಚಪ್ಪಲಿ ಒಳಗೂ ಕಾಲು ಸುಡ್ತಿತ್ತು. ನೀರಿನ ಅಂಚಿಗೆ ನಡೆದೆ. ಅಲ್ಲಿ ತೇವಕ್ಕೆ ಒಂದಿಷ್ಟು ಗಿಡ ಹಸಿರಾಗಿ ಉಳಿದು ಬಿಳಿ ಹೂ ಬಿಟ್ಟಿದ್ವು. ಬಾಗಿ ಕೂತೆ. ಬಹಳ ಹೊತ್ತು ಏನೂ ಬರಲಿಲ್ಲ. ಎಡಕ್ಕೆ, ತಡೀರಿ ಅಜ್ಜಿ, ಅನ್ನೋರು ಯಾರೂ ಇರಲಿಲ್ಲ.

ಆಮೇಲೆ ಒಂದು ಬಂತು. ಹೂವಿನ ಮೇಲೆ ಗಾಳಿಯಲ್ಲಿ ನಿಂತಿತು. ಬಲೆ ಹಾಕಿದೆ, ಬಾಟ್ಲಿಗೆ ಇಳಿಸಿದೆ, ಮುಚ್ಚಳ ತಿರುವಿ ಅದು ಸುಮ್ಮನಾಗೋತನ ಕಾದೆ.

ಹಳದಿ ಇತ್ತು.